ಹತ್ತರಲ್ಲೇ ಇರೋದಾ, ಹನ್ನೊಂದಕ್ಕೆ ಹೋಗೋದಾ?

ಮನೆಯಲ್ಲಿ ಏಳೆಂಟು ವರ್ಷ ಹಳೆಯ ಕಂಪ್ಯೂಟರ್ ಇಟ್ಟುಕೊಂಡವರಿಗೆಲ್ಲ ಈಗ ಇದೇ ಪ್ರಶ್ನೆ. ವಿಂಡೋಸ್ 10ಕ್ಕೆ ಕೊಡುತ್ತಿದ್ದ ಬೆಂಬಲವನ್ನು ಮೈಕ್ರೋಸಾಫ್ಟ್ 2025ರ ಅಕ್ಟೋಬರ್ 14ಕ್ಕೆ ನಿಲ್ಲಿಸಿತು. ಅಂಗಡಿಯವರು ‘ಹನ್ನೊಂದು ಹಾಕ್ಸಿಬಿಡಿ’ ಅಂತಾರೆ. ಮಕ್ಕಳು ‘ಹೊಸ ಲ್ಯಾಪ್‌ಟಾಪೇ ತಗೊಳ್ಳೋಣ’ ಅಂತಾರೆ. ಮನೆ ಯಜಮಾನರು ‘ಚೆನ್ನಾಗೇ ಓಡ್ತಿದೆಯಲ್ಲ, ಸುಮ್ನಿರಿ’ ಅಂತಾರೆ. ಮೂವರ ಮಾತಿನಲ್ಲೂ ಸ್ವಲ್ಪ ಸ್ವಲ್ಪ ನಿಜವಿದೆ.

ತರೀಕೆರೆಯ ನಮ್ಮ ಮನೆ, ಕಡೂರಿನಲ್ಲಿರುವ ತಮ್ಮನ ಅಂಗಡಿ, ಅಜ್ಜಂಪುರದ ಚಿಕ್ಕಪ್ಪನ ಮನೆ, ಮೂರು ಕಡೆಯೂ ಈ ಪ್ರಶ್ನೆ ಎದ್ದಿತು. ಟೈಪಿಂಗ್ ಕೆಲಸದಲ್ಲೇ ವರ್ಷಗಳನ್ನು ಕಳೆದವಳು ನಾನಾದ್ದರಿಂದ ಮೂವರೂ ನನ್ನನ್ನೇ ಕೇಳಿದರು. ಉತ್ತರ ಮಾತ್ರ ಮೂರು ಕಡೆ ಮೂರು ಬಗೆಯಾಯಿತು.

ಬೆಂಬಲ ನಿಂತಿತು ಅಂದರೆ ಕಂಪ್ಯೂಟರ್ ನಿಲ್ಲುವುದಿಲ್ಲ. ನಿಲ್ಲುವುದು ತಿಂಗಳು ತಿಂಗಳು ಬರುತ್ತಿದ್ದ ಸುರಕ್ಷತೆಯ ತೇಪೆ. ಹೆಂಚಿನ ಮನೆಯಲ್ಲಿ ಮಳೆಗಾಲಕ್ಕೆ ಮುಂಚೆ ಒಡೆದ ಹೆಂಚು ಬದಲಾಯಿಸುತ್ತೇವಲ್ಲ, ಹಾಗೆ. ಒಂದು ವರ್ಷ ಬಿಟ್ಟರೆ ಮನೆಯೇನೂ ಬೀಳುವುದಿಲ್ಲ, ಆದರೆ ಎಲ್ಲಿ ಸೋರುತ್ತದೋ ಗೊತ್ತಾಗುವುದಿಲ್ಲ. ಬ್ಯಾಂಕ್ ವ್ಯವಹಾರ, ಆಧಾರ್ ಪ್ರತಿ, ಮಕ್ಕಳ ಅಂಕಪಟ್ಟಿ ಎಲ್ಲ ಅದೇ ಯಂತ್ರದಲ್ಲಿರುವಾಗ ಆ ಸೋರಿಕೆ ಸಣ್ಣ ಮಾತಲ್ಲ.

ವಿಂಡೋಸ್ 11 ಉಚಿತವೇ. ಆದರೆ ಎಲ್ಲ ಯಂತ್ರಕ್ಕೂ ಕೂರುವುದಿಲ್ಲ. ಕನಿಷ್ಠ 4 ಜಿಬಿ ರ‍್ಯಾಮ್ ಮತ್ತು 64 ಜಿಬಿ ಜಾಗ ಬೇಕು. ಟಿಪಿಎಂ 2.0 ಎಂಬ ಭದ್ರತಾ ಭಾಗ ಬೇಕು. ಪ್ರೊಸೆಸರ್ ಇಂಟೆಲ್‌ನದಾದರೆ ಬಹುಮಟ್ಟಿಗೆ ಎಂಟನೇ ತಲೆಮಾರಿನದು ಅಥವಾ ಅದಕ್ಕಿಂತ ಹೊಸದಾಗಿರಬೇಕು. ಪರೀಕ್ಷೆ ಕಷ್ಟವಿಲ್ಲ. ‘ಪಿಸಿ ಹೆಲ್ತ್ ಚೆಕ್’ ಎಂಬ ಮೈಕ್ರೋಸಾಫ್ಟಿನದೇ ಉಚಿತ ತಂತ್ರಾಂಶ ಹಾಕಿಕೊಂಡರೆ ಆಗುತ್ತಾ ಇಲ್ವಾ ಅಂತ ಅದೇ ಹೇಳುತ್ತದೆ. ‘ಇಲ್ಲ’ ಅಂದರೂ ಕಾರಣ ಓದಿ. ಎಷ್ಟೋ ಯಂತ್ರಗಳಲ್ಲಿ ಟಿಪಿಎಂ ಇರುತ್ತದೆ, ಬಯೋಸ್‌ನಲ್ಲಿ ಅದನ್ನು ಆನ್ ಮಾಡಿರುವುದಿಲ್ಲ, ಅಷ್ಟೆ.

ಕಡೂರಿನ ತಮ್ಮನದು ಝೆರಾಕ್ಸ್ ಮತ್ತು ಡಿಟಿಪಿ ಅಂಗಡಿ. ಎರಡು ಕಂಪ್ಯೂಟರ್. ಒಂದರಲ್ಲಿ ಆನ್‌ಲೈನ್ ಅರ್ಜಿ, ಬಿಲ್ಲು, ಹಣ ಪಾವತಿ. ಇನ್ನೊಂದರಲ್ಲಿ ಮದುವೆ ಪತ್ರಿಕೆ, ಜಾತ್ರೆ ಕರಪತ್ರ, ವೈಕುಂಠ ಸಮಾರಾಧನೆ ಕಾರ್ಡು. ಅದೆಲ್ಲ ಪೇಜ್‌ಮೇಕರ್‌ನಲ್ಲಿ, ಹಳೆಯ ನುಡಿ ಅಕ್ಷರಗಳಲ್ಲಿ. ಪೇಜ್‌ಮೇಕರ್‌ನ ಕೊನೆಯ ಆವೃತ್ತಿ ಬಂದಿದ್ದು 2001ರಲ್ಲಿ. ಆದರೂ ನಮ್ಮ ಕಡೆಯ ಲಗ್ನಗಳು ಇವತ್ತಿಗೂ ಅದರ ಮೇಲೇ ನಡೆಯುತ್ತಿವೆ!

‘ಅಕ್ಕಾ, ಲಗ್ನದ ಸೀಸನ್ ಮಧ್ಯೆ ಪೇಜ್‌ಮೇಕರ್ ತೆರೀದೇ ಹೋದ್ರೆ ನಾನ್ ಕೆಟ್ಟೆ’ ಅಂದ. ಅವನ ಭಯ ಸರಿಯಾದದ್ದೇ. ಹಾಗಾಗಿ ಎರಡಕ್ಕೂ ಒಂದೇ ಮದ್ದು ಬೇಡ ಎಂದೆ. ಆನ್‌ಲೈನ್ ಕೆಲಸದ ಯಂತ್ರ ಹತ್ತನೇ ತಲೆಮಾರಿನದು, ಅದನ್ನು ಹನ್ನೊಂದಕ್ಕೆ ಏರಿಸಿದ. ಪತ್ರಿಕೆ ಕೆಲಸದ ಹಳೆಯ ಯಂತ್ರದಿಂದ ಇಂಟರ್‌ನೆಟ್ ತಂತಿಯನ್ನೇ ಕಿತ್ತ. ಅದು ಹತ್ತರಲ್ಲೇ ಇದೆ. ಕಡತಗಳು ಓಡಾಡುವುದು ಪೆನ್‌ಡ್ರೈವ್‌ನಲ್ಲಿ, ಅದೂ ಹೊಸ ಯಂತ್ರದಲ್ಲಿ ವೈರಸ್ ತಪಾಸಣೆ ಆದ ಮೇಲೆ. ಒಂದೇ ಯಂತ್ರ ಇರುವವರಿಗೆ ಈ ಉಪಾಯ ನಡೆಯದು. ಅವರು ಬೇರೆಯವರ ವಿಂಡೋಸ್ 11 ಯಂತ್ರದಲ್ಲಿ ತಮ್ಮ ಪ್ರಿಂಟರ್, ತಂತ್ರಾಂಶ ಎರಡನ್ನೂ ಮೊದಲು ಓಡಿಸಿ ನೋಡುವುದು ಒಳ್ಳೆಯದು. ಡಾಸ್ ಕಾಲದ 16 ಬಿಟ್ ತಂತ್ರಾಂಶವಂತೂ ಅದರಲ್ಲಿ ಓಡುವುದೇ ಇಲ್ಲ.

ತರೀಕೆರೆಯ ನಮ್ಮ ಮನೆಯ ಲ್ಯಾಪ್‌ಟಾಪ್ ಏಳನೇ ತಲೆಮಾರಿನ ಐ3. ಒಂದೇ ಮೆಟ್ಟಿಲಲ್ಲಿ ಬಾಗಿಲು ಮುಚ್ಚಿತು. ಮಗಳ ಓದು, ಅಡಿಕೆ ತೋಟದ ಲೆಕ್ಕ, ಬ್ಯಾಂಕು ಎಲ್ಲ ಅದರಲ್ಲೇ, ಹಾಗಾಗಿ ಇಂಟರ್‌ನೆಟ್ ತೆಗೆಯುವಂತಿಲ್ಲ. ನಮ್ಮಂಥವರಿಗೆ ಒಂದು ವರ್ಷದ ಗಡುವು ಸಿಕ್ಕಿದೆ. ವಿಸ್ತರಿತ ಸುರಕ್ಷತಾ ಯೋಜನೆಗೆ, ಅಂದರೆ ಇಎಸ್‌ಯುಗೆ, ಹೆಸರು ನೋಂದಾಯಿಸಿದರೆ 2026ರ ಅಕ್ಟೋಬರ್ 13ರವರೆಗೆ ತೇಪೆಗಳು ಬರುತ್ತವೆ. ಯಂತ್ರದಲ್ಲಿ ವಿಂಡೋಸ್ 10ರ 22ಎಚ್2 ಆವೃತ್ತಿ ಇರಬೇಕು, ಮೈಕ್ರೋಸಾಫ್ಟ್ ಖಾತೆ ಬೇಕು. ಕಂಪ್ಯೂಟರಿನ ಸೆಟ್ಟಿಂಗ್‌ಗಳನ್ನು ಆ ಖಾತೆಗೆ ಬ್ಯಾಕಪ್ ಮಾಡಲು ಒಪ್ಪಿದರೆ ದುಡ್ಡಿಲ್ಲ. ಒಪ್ಪದವರಿಗೆ 30 ಡಾಲರ್ ಕಟ್ಟುವ ದಾರಿ ಇದೆ. ವಿಂಡೋಸ್ ಅಪ್‌ಡೇಟ್ ಪುಟದಲ್ಲೇ ನೋಂದಣಿಯ ಕೊಂಡಿ ಕಾಣುತ್ತದೆ. ನಾವು ಮಾಡಿಕೊಂಡೆವು. ಅಡಿಕೆ ದುಡ್ಡು ಕೈಗೆ ಬರುವವರೆಗೆ ಉಸಿರಾಡಲು ಸಮಯ ಸಿಕ್ಕಿತು.

ಕೆಲವು ಕಡೆ ‘ನಿಮ್ಮ ಹಳೇ ಮಿಷನ್‌ಗೂ ಹನ್ನೊಂದು ಕೂರಿಸ್ತೀನಿ’ ಅನ್ನುವವರಿದ್ದಾರೆ. ಕೂರಿಸಲು ಬರುತ್ತದೆ, ಸುಳ್ಳಲ್ಲ. ಆದರೆ ಅಂಥ ಯಂತ್ರಗಳಿಗೆ ಮುಂದೆ ಅಪ್‌ಡೇಟ್ ಬಂದೇ ಬರುತ್ತದೆಂಬ ಖಾತ್ರಿಯನ್ನು ಮೈಕ್ರೋಸಾಫ್ಟ್ ಕೊಡುವುದಿಲ್ಲ. ತೇಪೆಗೋಸ್ಕರ ಹನ್ನೊಂದಕ್ಕೆ ಹೋಗಿ, ತೇಪೆಯೇ ಬರದಿದ್ದರೆ ಹೋಗಿ ಏನು ಬಂತು?

ಅಜ್ಜಂಪುರದ ಚಿಕ್ಕಪ್ಪನದು ಎಲ್ಲಕ್ಕಿಂತ ಸೂಕ್ಷ್ಮ. ಚಿಕ್ಕಮ್ಮ ಬದುಕಿದ್ದಾಗ ಹೇಳಿದ ಸೋಬಾನೆ ಪದ, ಬೀಸುವ ಪದಗಳನ್ನು ಅವರು ಬರೆದುಕೊಂಡು, ಆಮೇಲೆ ಸ್ವತಃ ನುಡಿಯಲ್ಲಿ ಟೈಪ್ ಮಾಡಿಟ್ಟಿದ್ದಾರೆ. ಮುನ್ನೂರು ಪುಟದ ಹತ್ತಿರ. ಯಂತ್ರ ನಾಲ್ಕನೇ ತಲೆಮಾರಿನದು. ರಿಪೇರಿಗೆ ಬಂದ ಹುಡುಗ, ‘ಸಾರ್, ಫಾರ್ಮ್ಯಾಟ್ ಹೊಡೆದು ಬೇರೆ ಹಾಕ್ತೀನಿ, ಡಿ ಡ್ರೈವ್‌ಗೆ ಏನೂ ಆಗಲ್ಲ’ ಅಂದನಂತೆ. ಚಿಕ್ಕಪ್ಪ ನನಗೆ ಫೋನ್ ಮಾಡಿದರು: ‘ಏನಮ್ಮಾ, ಹೂಂ ಅನ್ಲಾ?’

ಬೇಡ, ತಡೀರಿ ಅಂದೆ. ಫೈಲು ಡಿ ಡ್ರೈವ್‌ನಲ್ಲಿದ್ದರೂ ಅದನ್ನು ಓದಿಸುವ ಅಕ್ಷರವಿನ್ಯಾಸ, ಅಂದರೆ ಫಾಂಟ್, ಇರುವುದು ಸಿ ಡ್ರೈವ್‌ನಲ್ಲಿ. ಯೂನಿಕೋಡ್ ಬಳಕೆಗೆ ಬರುವ ಮುಂಚಿನ ನುಡಿ, ಬರಹದ ಫಾಂಟುಗಳಲ್ಲಿ ಇಂಗ್ಲಿಷ್ ಅಕ್ಷರ, ಚಿಹ್ನೆಗಳ ಜಾಗದಲ್ಲೇ ಕನ್ನಡದ ಚೂರುಗಳನ್ನು ಕೂರಿಸಿದ್ದರು. ಆ ಫಾಂಟು ಹೋದರೆ ಸೋಬಾನೆ ಪದದ ಜಾಗದಲ್ಲಿ ಕಾಣುವುದು ಅರ್ಥವಿಲ್ಲದ ಇಂಗ್ಲಿಷ್ ಗೀಚು. ಫೈಲು ಅಳಿದಿರುವುದಿಲ್ಲ, ಆದರೆ ಓದಲು ಬರುವುದಿಲ್ಲ. ಎಷ್ಟೋ ಮನೆಗಳಲ್ಲಿ ಅದನ್ನು ‘ಕರಪ್ಟ್ ಆಗಿದೆ’ ಅಂತ ಅಳಿಸಿಯೇ ಬಿಡುತ್ತಾರೆ.

ಯೂನಿಕೋಡ್‌ನಲ್ಲಿ ಹಾಗಲ್ಲ. ಅಲ್ಲಿ ಕನ್ನಡದ ‘ಕ’ಗೆ ತನ್ನದೇ ಸಂಖ್ಯೆ ಇದೆ. ಯಾವ ಫಾಂಟು, ಯಾವ ಫೋನು, ಯಾವ ವಿಂಡೋಸ್ ಆದರೂ ಅದು ‘ಕ’ವೇ. ಹಾಗಾಗಿ ಅಜ್ಜಂಪುರಕ್ಕೆ ಹೋಗಿ ಮೊದಲು ಮಾಡಿದ ಕೆಲಸ ಅಪ್‌ಗ್ರೇಡ್ ಅಲ್ಲ. ಎಲ್ಲ ಫೈಲುಗಳನ್ನೂ, ಫಾಂಟ್ಸ್ ಫೋಲ್ಡರನ್ನೂ ಎರಡು ಕಡೆ ನಕಲು ಮಾಡಿದೆ. ಆಮೇಲೆ ನುಡಿಯ ಜತೆಗೇ ಬರುವ ಪರಿವರ್ತಕದಿಂದ ಒಂದೊಂದೇ ಫೈಲನ್ನು ಯೂನಿಕೋಡ್‌ಗೆ ತಂದೆ. ಬರಹದಲ್ಲೂ ಇಂಥ ಸೌಲಭ್ಯವಿದೆ. ಪರಿವರ್ತಕ ಮಾಡಿದ್ದನ್ನು ಕಣ್ಣುಮುಚ್ಚಿ ನಂಬಬಾರದು. ಅರ್ಕಾವೊತ್ತು, ಒತ್ತಕ್ಷರ, ಅಂಕಿಗಳನ್ನು ಮೂಲದ ಜತೆ ಇಟ್ಟು ನೋಡಬೇಕು. ಚಿಕ್ಕಪ್ಪ ಎರಡು ವಾರ ಕೂತು ನೋಡಿದರು. ಹಳೆಯ ಫೈಲುಗಳನ್ನೂ ಅಳಿಸಲಿಲ್ಲ.

ಅದಾದ ಮೇಲೆ ಯಂತ್ರದ ತೀರ್ಮಾನ ಹಗುರವಾಯಿತು. ಅವರಿಗೆ ಬೇಕಾದ್ದು ಬರೆಯುವುದು, ಮೇಲ್ ನೋಡುವುದು, ಪೇಪರ್ ಓದುವುದು. ಆ ಹಳೆಯ ಯಂತ್ರಕ್ಕೆ ಲಿನಕ್ಸ್ ಮಿಂಟ್ ಹಾಕಿದೆವು. ಉಚಿತ. ಲಿಬ್ರೆಆಫೀಸ್‌ನಲ್ಲಿ ಕನ್ನಡ ಚೆನ್ನಾಗಿ ಮೂಡುತ್ತದೆ. ಹಾಕುವ ಮುಂಚೆ ಪೆನ್‌ಡ್ರೈವ್‌ನಿಂದಲೇ ಒಂದು ದಿನ ಓಡಿಸಿ, ವೈಫೈ, ಪ್ರಿಂಟರ್ ಎಲ್ಲ ನೋಡಿಕೊಂಡೆವು. ನಾಲ್ಕು ದಿನ ‘ಅದೆಲ್ಲಿದೆ, ಇದೆಲ್ಲಿದೆ’ ಅಂತ ಫೋನ್ ಬಂತು, ಆಮೇಲೆ ನಿಂತಿತು. ಈಗ ಆ ಸೋಬಾನೆ ಪದಗಳು ನಮ್ಮೆಲ್ಲರ ಮೊಬೈಲಿನಲ್ಲೂ ತೆರೆಯುತ್ತವೆ.

ಹನ್ನೊಂದಕ್ಕೇ ಹೋಗುವುದಾದರೆ ನಾಲ್ಕು ಮಾತು. ಫಾರ್ಮ್ಯಾಟ್ ಮಾಡದೆ ಇದ್ದಲ್ಲೇ ಅಪ್‌ಗ್ರೇಡ್ ಮಾಡಿದರೆ ಫೈಲು, ತಂತ್ರಾಂಶ, ಫಾಂಟುಗಳು ಸಾಮಾನ್ಯವಾಗಿ ಉಳಿಯುತ್ತವೆ. ಆದರೂ ನಕಲು ಇಲ್ಲದೆ ಶುರು ಮಾಡಬೇಡಿ. ಹಿಡಿಸದಿದ್ದರೆ ಹತ್ತು ದಿನದೊಳಗೆ ಹಳೆಯದಕ್ಕೆ ಮರಳಬಹುದು, ಆ ಹತ್ತು ದಿನದಲ್ಲೇ ಪ್ರಿಂಟರ್, ಸ್ಕ್ಯಾನರ್, ಕನ್ನಡ ಟೈಪಿಂಗ್ ಎಲ್ಲ ಪರೀಕ್ಷಿಸಿ. ನಮ್ಮ ಪಕ್ಕದ ನದಿಯ ಹೆಸರು ಹೊತ್ತ ‘ತುಂಗಾ’ ಫಾಂಟು ಕಾಣದಿದ್ದರೆ ಗಾಬರಿ ಬೇಡ, ಆಪ್ಷನಲ್ ಫೀಚರ್ಸ್‌ನಲ್ಲಿ ಕನ್ನಡದ ಹೆಚ್ಚುವರಿ ಫಾಂಟುಗಳನ್ನು ಸೇರಿಸಿಕೊಳ್ಳಬಹುದು. ಮಳೆಗಾಲದಲ್ಲಿ ಕರೆಂಟ್ ನಂಬಿ ಕೂರಬೇಡಿ, ಲ್ಯಾಪ್‌ಟಾಪ್ ಪೂರ್ತಿ ಚಾರ್ಜ್ ಇರಲಿ, ಡೆಸ್ಕ್‌ಟಾಪ್ ಆದರೆ ಯುಪಿಎಸ್ ಇರಲಿ.

ಹೊಸ ಯಂತ್ರ ಕೊಳ್ಳುವವರಿಗೆ ಇನ್ನೊಂದು ಮಾತು. ಅವುಗಳಲ್ಲಿ ಡಿಸ್ಕ್ ತಾನಾಗಿಯೇ ಗೂಢಲಿಪಿಯಲ್ಲಿ ಬೀಗ ಹಾಕಿಕೊಂಡಿರಬಹುದು. ಅದರ ರಿಕವರಿ ಕೀ ನಿಮ್ಮ ಮೈಕ್ರೋಸಾಫ್ಟ್ ಖಾತೆಯಲ್ಲಿರುತ್ತದೆ. ಅಂಗಡಿಯ ಹುಡುಗನ ಮೇಲ್ ವಿಳಾಸದಲ್ಲಿ ಖಾತೆ ತೆರೆಸಿಕೊಂಡರೆ ಬೀಗದ ಕೈ ಅವನ ಹತ್ತಿರ ಉಳಿಯುತ್ತದೆ. ಖಾತೆ ನಿಮ್ಮದೇ ಹೆಸರಿನಲ್ಲಿರಲಿ, ಕೀಯನ್ನು ಕಾಗದದ ಮೇಲೆ ಬರೆದು ಮನೆಪತ್ರದ ಜತೆ ಇಡಿ.

ಹತ್ತೋ ಹನ್ನೊಂದೋ ಎಂಬುದನ್ನು ಯಂತ್ರ ಮತ್ತು ನಿಮ್ಮ ಕೆಲಸ ನೋಡಿ ನಿರ್ಧರಿಸಿ, ಅದಕ್ಕೆ ಇನ್ನೂ ನಾಲ್ಕು ದಿನ ಹಿಡಿದರೂ ಚಿಂತೆಯಿಲ್ಲ. ಹಳೆಯ ಕನ್ನಡ ಫೈಲುಗಳ ಕೆಲಸವನ್ನು ಮಾತ್ರ ಈ ಭಾನುವಾರವೇ ಶುರು ಮಾಡಿ. ಅವು ಈಗ ಓದಲು ಬರುತ್ತಿರುವ ಯಂತ್ರ ಇನ್ನೂ ನಿಮ್ಮ ಮನೆಯಲ್ಲೇ ಇದೆ.