ಥೈರಾಯ್ಡ್ ರಿಪೋರ್ಟ್‌ನಲ್ಲಿ ‘ಎಚ್’ ಅಂದ್ರೆ ಥೈರಾಯ್ಡ್ ಜಾಸ್ತಿ ಅಂತಲ್ಲ!

ಕಳೆದ ವರ್ಷ ಜನವರಿಯಲ್ಲಿ ನಮ್ಮ ಆಫೀಸಿನಲ್ಲಿ ಹೆಲ್ತ್ ಚೆಕಪ್ ಇತ್ತು. ಖಾಲಿ ಹೊಟ್ಟೆಯಲ್ಲಿ ರಕ್ತ ಕೊಟ್ಟು, ಅವರು ಕೊಟ್ಟ ಎರಡು ಇಡ್ಲಿ ತಿಂದು, ಕೆಲಸದಲ್ಲಿ ಮುಳುಗಿ ಮರೆತೇಬಿಟ್ಟಿದ್ದೆ. ಮಾರನೇ ದಿನ ಸಂಜೆ ಮೆಟ್ರೋದಲ್ಲಿ ನೇತಾಡಿಕೊಂಡು ನಿಂತಿದ್ದಾಗ ಮೊಬೈಲಿಗೆ ರಿಪೋರ್ಟ್ ಬಂತು. ಹದಿನಾಲ್ಕು ಪುಟದ ಪಿಡಿಎಫ್. ಮೂರನೇ ಪುಟದಲ್ಲಿ ಕೆಂಪು ಅಕ್ಷರ ಕಂಡು ಎದೆ ಧಸಕ್ಕೆಂದಿತು.

ಒಟ್ಟು ಕೊಲೆಸ್ಟ್ರಾಲ್ 262. ಎಲ್‌ಡಿಎಲ್ 174. ಟ್ರೈಗ್ಲಿಸರೈಡ್ 210. ಇನ್ನೆರಡು ಪುಟ ಮುಂದೆ ಹೋದರೆ ಟಿಎಸ್‌ಎಚ್ 14.6, ಪಕ್ಕದಲ್ಲೊಂದು ದಪ್ಪ ‘ಎಚ್’.

ನನಗೆ ಆಗ 32. ನಮ್ಮಪ್ಪ ಹಾರ್ಟ್ ಅಟ್ಯಾಕ್ ಆಗಿ ಹೋದಾಗ ಅವರಿಗೆ 52. ಸಾಗರದ ಮನೆಯ ಜಗಲಿಯಲ್ಲಿ ಪೇಪರ್ ಓದುತ್ತಾ ಕೂತವರು ಏಳಲೇ ಇಲ್ಲ. ಹಾಗಾಗಿ ನಮ್ಮ ಮನೆಯಲ್ಲಿ ‘ಕೊಲೆಸ್ಟ್ರಾಲ್’ ಅನ್ನೋದು ಬರೀ ಒಂದು ಪದ ಅಲ್ಲ. ಆ ರಾತ್ರಿ ನಿದ್ದೆ ಬರಲಿಲ್ಲ. ಬೆಳಗ್ಗೆ ಎದ್ದು ಎರಡು ತೀರ್ಮಾನ ಮಾಡಿದೆ. ಒಂದು, ಅಮ್ಮ ಕಳಿಸಿದ ತುಪ್ಪದ ಡಬ್ಬಿ ಪಕ್ಕದ ಮನೆಗೆ. ಎರಡು, ಥೈರಾಯ್ಡ್ ಮಾತ್ರೆ ಕಡಿಮೆ ಮಾಡೋದು.

ಎರಡನೆಯದು ನಾನು ಮಾಡಿದ ಶುದ್ಧ ದಡ್ಡತನ.

ಮೂರು ವರ್ಷದಿಂದ ನನಗೆ ಹೈಪೋಥೈರಾಯ್ಡ್ ಇದೆ. ಅಂದರೆ ಕುತ್ತಿಗೆಯಲ್ಲಿರುವ ಥೈರಾಯ್ಡ್ ಗ್ರಂಥಿ ಬೇಕಾದಷ್ಟು ಹಾರ್ಮೋನ್ ತಯಾರಿಸೋದಿಲ್ಲ. ಅದಕ್ಕೇ ದಿನಾ 75 ಮೈಕ್ರೋಗ್ರಾಂ ಲಿವೋಥೈರಾಕ್ಸಿನ್ ಮಾತ್ರೆ. ಥೈರಾಯ್ಡ್ ಟೆಸ್ಟ್‌ನಲ್ಲಿ ‘ಎಚ್’ ಇದೆ ಅಂದ ಮೇಲೆ ಥೈರಾಯ್ಡ್ ಜಾಸ್ತಿ ಆಗಿದೆ, ಮಾತ್ರೆ ಹೆಚ್ಚಾಗಿದೆ ಅಂತ ನನ್ನ ಲೆಕ್ಕ. ಎಂಜಿನಿಯರಿಂಗ್ ಓದಿದವಳು ಬೇರೆ! ದಿನ ಬಿಟ್ಟು ದಿನ ನುಂಗೋಕೆ ಶುರು ಮಾಡಿದೆ. ಕೊಲೆಸ್ಟ್ರಾಲ್‌ಗೆ ಅಂತ ಫೋನ್ ಆ್ಯಪ್‌ನಲ್ಲಿ ಒಬ್ಬ ಡಾಕ್ಟರ್ ಹತ್ತಿರ ನಾಲ್ಕು ನಿಮಿಷ ಮಾತಾಡಿದೆ. ಅವರು ಲಿಪಿಡ್ ಪುಟ ಮಾತ್ರ ನೋಡಿ ಸ್ಟ್ಯಾಟಿನ್ ಮಾತ್ರೆ ಬರೆದರು. ಥೈರಾಯ್ಡ್ ಪುಟ ಅವರೂ ಕೇಳಲಿಲ್ಲ, ನಾನೂ ಹೇಳಲಿಲ್ಲ. ಮಾತ್ರೆ ತಂದಿಟ್ಟುಕೊಂಡೆ. ‘ಮೊದಲು ಡಯಟ್ ಮಾಡಿ ನೋಡೋಣ’ ಅಂತ ಶುರು ಮಾಡಲಿಲ್ಲ ಅಷ್ಟೇ.

ಎರಡು ತಿಂಗಳು ಎಣ್ಣೆ ಇಲ್ಲದ ಪಲ್ಯ, ಓಟ್ಸ್ ಉಪ್ಪಿಟ್ಟು, ಸಂಜೆ ವಾಕಿಂಗ್. ಆದರೂ ತೂಕ ಮೂರು ಕೆ.ಜಿ. ಏರಿತು. ಮಾರ್ಚ್‌ನ ಬೆಂಗಳೂರಿನಲ್ಲಿ ಎಲ್ಲರೂ ಫ್ಯಾನ್ ಹಾಕಿಕೊಂಡರೆ ನಾನು ಆಫೀಸಿನಲ್ಲಿ ಶಾಲು ಹೊದ್ದು ಕೂರುತ್ತಿದ್ದೆ. ಬೆಳಗ್ಗೆ ಎದ್ದರೆ ಕಣ್ಣಿನ ರೆಪ್ಪೆ ಊದಿರುತ್ತಿತ್ತು. ಮೀಟಿಂಗ್‌ನಲ್ಲಿ ತೂಕಡಿಕೆ, ಬಾಚಣಿಗೆ ತುಂಬಾ ಕೂದಲು. ಒಂದು ಭಾನುವಾರ ಅಮ್ಮ ಫೋನ್‌ನಲ್ಲಿ, “ಏನೇ ಇದು, ನಿನ್ನ ಧ್ವನಿ ಗಂಡಸರ ಥರ ಆಗಿದೆಯಲ್ಲೇ! ಡಾಕ್ಟರ್ ಹತ್ರ ಹೋಗದಿದ್ರೆ ನಾನೇ ರಾತ್ರಿ ಬಸ್ಸಿಗೆ ಬರ್ತೀನಿ ನೋಡು” ಅಂದರು. ಅಮ್ಮ ಬಂದುಬಿಟ್ಟರೆ ತುಪ್ಪದ ಡಬ್ಬಿ ಎಲ್ಲಿ ಅಂತ ಕೇಳುತ್ತಾರೆ. ಮಾರನೇ ದಿನವೇ ಹೋದೆ.

ಹೊಸ ರಿಪೋರ್ಟ್: ಟಿಎಸ್‌ಎಚ್ 41. ಒಟ್ಟು ಕೊಲೆಸ್ಟ್ರಾಲ್ 291, ಎಲ್‌ಡಿಎಲ್ 200.

ತುಪ್ಪ ಬಿಟ್ಟು, ಎಣ್ಣೆ ಬಿಟ್ಟು, 26 ಪಾಯಿಂಟ್ ಎಲ್‌ಡಿಎಲ್ ಏರಿಸಿಕೊಂಡಿದ್ದೆ.

ಕೂಗುವ ಅಮ್ಮ, ಏಳದ ಮಗ

ನಮ್ಮ ಡಾಕ್ಟರ್ ಅರವತ್ತು ದಾಟಿದ ಮೇಡಂ. ಬೈಯುತ್ತಾರೆ ಅಂದುಕೊಂಡಿದ್ದೆ, ಬೈಯಲಿಲ್ಲ. “ತುಂಬಾ ಜನ ಹೀಗೇ ಮಾಡ್ತಾರಮ್ಮ” ಅಂದು ಪೆನ್ನು ತಗೊಂಡು ರಿಪೋರ್ಟ್ ಹಿಂದೆಯೇ ಚಿತ್ರ ಬರೆದರು.

ಟಿಎಸ್‌ಎಚ್ ಅನ್ನೋದು ಥೈರಾಯ್ಡ್ ಗ್ರಂಥಿಯಿಂದ ಬರೋದೇ ಇಲ್ಲ. ಅದು ಮೆದುಳಿನ ಬುಡದಲ್ಲಿರುವ ಪಿಟ್ಯುಟರಿ ಗ್ರಂಥಿಯದು. “ಬೆಳಗ್ಗೆ ಅಡುಗೆಮನೆಯಿಂದ ಅಮ್ಮ ಮಗನನ್ನ ಎಬ್ಬಿಸ್ತಾಳಲ್ಲ, ಏಳೋ ಏಳೋ ಅಂತ, ಅದು ಟಿಎಸ್‌ಎಚ್. ಮಗ ಎದ್ದು ಕೆಲಸ ಮಾಡ್ತಿದ್ರೆ ಮೆತ್ತಗೆ ಮಾತಾಡ್ತಾಳೆ. ಏಳಲಿಲ್ಲ ಅಂದ್ರೆ ಕೂಗು ಜೋರಾಗತ್ತೆ. ನಿನ್ನ ರಿಪೋರ್ಟ್‌ನಲ್ಲಿ ಅಮ್ಮ ಕಿರುಚ್ತಾ ಇದಾಳೆ. ನೀನು ಹೋಗಿ ಮಗನಿಗೆ ಇನ್ನೊಂದು ಹೊದಿಕೆ ಹೊದಿಸಿದ್ದೀಯ!”

ಅಂದರೆ ಟಿಎಸ್‌ಎಚ್ ಹೆಚ್ಚಿದ್ದರೆ ಸಾಮಾನ್ಯವಾಗಿ ಥೈರಾಯ್ಡ್ ಹಾರ್ಮೋನ್ ಸಾಲುತ್ತಿಲ್ಲ ಅಂತ ಅರ್ಥ. ಟಿಎಸ್‌ಎಚ್ ತೀರಾ ಕಡಿಮೆ ಇದ್ದರೆ ಹಾರ್ಮೋನ್, ಅಥವಾ ನಮ್ಮಂಥವರಲ್ಲಿ ಮಾತ್ರೆ, ಹೆಚ್ಚಾಗಿದೆ ಅಂತ. ಪಕ್ಕದಲ್ಲಿ ಫ್ರೀ ಟಿ4 ಅಂತ ಇನ್ನೊಂದು ಸಾಲು ಇರುತ್ತೆ. ರಕ್ತದಲ್ಲಿ ನಿಜವಾಗಿ ಬಳಕೆಗೆ ಸಿಗುವ ಹಾರ್ಮೋನ್ ಅದು. ಜನವರಿಯಲ್ಲೇ ನನ್ನದು 0.7 ಇತ್ತು. ಲ್ಯಾಬ್ ಕೊಟ್ಟ ಮಿತಿ 0.8ರಿಂದ 1.8. ಆ ಸಾಲಿನ ಮುಂದೆ ‘ಎಲ್’ ಅಂತ ಇದ್ದದ್ದನ್ನು ನಾನು ನೋಡಿಯೇ ಇರಲಿಲ್ಲ. ಎರಡನ್ನೂ ಒಟ್ಟಿಗೆ ಓದಬೇಕು. ಟಿಎಸ್‌ಎಚ್ ಸ್ವಲ್ಪ ಏರಿ ಫ್ರೀ ಟಿ4 ಸರಿ ಇದ್ದರೆ ಅದನ್ನು ಸಬ್‌ಕ್ಲಿನಿಕಲ್ ಅಂತಾರೆ. ಅಂಥವರಿಗೆಲ್ಲ ತಕ್ಷಣ ಮಾತ್ರೆ ಬೇಕಾಗೋದಿಲ್ಲ. ಟಿಎಸ್‌ಎಚ್ 10 ದಾಟಿದರೆ ಸಾಮಾನ್ಯವಾಗಿ ಮಾತ್ರೆ ಕೊಡುತ್ತಾರೆ, ಅದಕ್ಕಿಂತ ಕೆಳಗೆ ವಯಸ್ಸು, ಲಕ್ಷಣ, ಗರ್ಭಧಾರಣೆಯ ಯೋಚನೆ ಎಲ್ಲ ನೋಡಿ ತೀರ್ಮಾನ. ಟಿಪಿಒ ಆ್ಯಂಟಿಬಾಡಿ ಪಾಸಿಟಿವ್ ಅಂತ ಇದ್ದರೆ, ನಮ್ಮ ದೇಹವೇ ಥೈರಾಯ್ಡ್ ಮೇಲೆ ತಿರುಗಿಬಿದ್ದಿದೆ ಅಂತ. 1912ರಲ್ಲಿ ಇದನ್ನು ವಿವರಿಸಿದ ಜಪಾನಿನ ಡಾಕ್ಟರ್ ಹಶಿಮೊಟೊ ಅವರ ಹೆಸರೇ ಈ ಕಾಯಿಲೆಗಿದೆ. ನನ್ನದೂ ಅದೇ.

ಕಸದ ಆಟೋ ಬರದಿದ್ದರೆ?

ಸರಿ, ಕೊಲೆಸ್ಟ್ರಾಲ್‌ಗೂ ಇದಕ್ಕೂ ಏನು ಸಂಬಂಧ? ನನಗೆ ನಿಜವಾಗಲೂ ಗೊತ್ತಿರಲಿಲ್ಲ.

ರಕ್ತದಲ್ಲಿ ಓಡಾಡುವ ಎಲ್‌ಡಿಎಲ್ ಅನ್ನು ಎಳೆದುಕೊಂಡು ಖಾಲಿ ಮಾಡುವ ಮುಖ್ಯ ಕೆಲಸ ಲಿವರ್‌ನದು. ಅದಕ್ಕೆ ಲಿವರ್ ಕೋಶಗಳ ಮೇಲೆ ಎಲ್‌ಡಿಎಲ್ ರಿಸೆಪ್ಟರ್ ಎಂಬ ಹಿಡಿಕೆಗಳಿವೆ. ಆ ಹಿಡಿಕೆಗಳು ಎಷ್ಟಿರಬೇಕು ಅನ್ನೋದರಲ್ಲಿ ಥೈರಾಯ್ಡ್ ಹಾರ್ಮೋನ್‌ನ ಕೈವಾಡ ದೊಡ್ಡದು. ಹಾರ್ಮೋನ್ ಕಡಿಮೆಯಾದರೆ ಹಿಡಿಕೆಗಳೂ ಕಡಿಮೆ. ಎಲ್‌ಡಿಎಲ್ ರಕ್ತದಲ್ಲೇ ಸುತ್ತುತ್ತಾ ಉಳಿಯುತ್ತೆ. ಕೊಲೆಸ್ಟ್ರಾಲನ್ನು ಪಿತ್ತರಸವಾಗಿ ಹೊರಹಾಕುವ ಕೆಲಸವೂ ನಿಧಾನ. ತಮಾಷೆ ಏನೆಂದರೆ, ಹೈಪೋಥೈರಾಯ್ಡ್ ಇದ್ದಾಗ ದೇಹ ಕೊಲೆಸ್ಟ್ರಾಲ್ ತಯಾರಿಸೋದು ಸ್ವಲ್ಪ ಕಮ್ಮಿಯೇ ಆಗಿರುತ್ತೆ. ಖಾಲಿ ಆಗೋದು ಅದಕ್ಕಿಂತ ಹೆಚ್ಚು ಕಮ್ಮಿ ಆಗಿರೋದರಿಂದ ಮಟ್ಟ ಏರುತ್ತೆ. ಬೆಂಗಳೂರಿನವರಿಗೆ ಬೇಗ ಅರ್ಥ ಆಗತ್ತೆ: ಮನೆಯವರು ಮೊದಲಿಗಿಂತ ಕಡಿಮೆ ಕಸ ಹಾಕಿದರೂ, ವಾರಗಟ್ಟಲೆ ಕಸದ ಆಟೋ ಬರದಿದ್ದರೆ ಗೇಟಿನ ಮುಂದೆ ರಾಶಿ ಬೀಳಲ್ವಾ? ನಾನು ಎರಡು ತಿಂಗಳು ಮನೆಯೊಳಗೆ ಕಸ ಕಡಿಮೆ ಮಾಡುತ್ತಿದ್ದೆ, ಜೊತೆಗೇ ಆಟೋವನ್ನೂ ಕಳಿಸಿಬಿಟ್ಟಿದ್ದೆ.

ಈ ನಂಟು ಎಷ್ಟು ಹಳೆಯದು ಅಂದರೆ, ಟಿಎಸ್‌ಎಚ್ ಟೆಸ್ಟ್ ಇಲ್ಲದ ಕಾಲದಲ್ಲಿ ಡಾಕ್ಟರುಗಳು ಹೈಪೋಥೈರಾಯ್ಡ್ ಅನುಮಾನ ಬಂದರೆ ರಕ್ತದ ಕೊಲೆಸ್ಟ್ರಾಲ್ ನೋಡುತ್ತಿದ್ದರಂತೆ.

ಆ್ಯಪ್‌ನವರು ಬರೆದುಕೊಟ್ಟ ಸ್ಟ್ಯಾಟಿನ್ ಬಗ್ಗೆ ಕೇಳಿದಾಗ ಮಾತ್ರ ಮೇಡಂ ಮುಖ ಗಂಭೀರ ಆಯಿತು. ಥೈರಾಯ್ಡ್ ತೀರಾ ಕಡಿಮೆ ಇರುವಾಗ ಸ್ಟ್ಯಾಟಿನ್ ತಗೊಂಡರೆ ಮಾಂಸಖಂಡ ನೋವು, ಸ್ನಾಯುಗಳಿಗೆ ಪೆಟ್ಟು ಬೀಳುವ ಸಾಧ್ಯತೆ ಜಾಸ್ತಿ. ಅದಕ್ಕೇ ಎಲ್‌ಡಿಎಲ್ ಹೆಚ್ಚಿದ್ದವರಿಗೆ ಸ್ಟ್ಯಾಟಿನ್ ಶುರು ಮಾಡುವ ಮುಂಚೆ ಟಿಎಸ್‌ಎಚ್ ನೋಡಬೇಕು ಅಂತ ಇರೋದು. ಇದನ್ನು ಓದಿ ನಿಮ್ಮ ಮನೆಯಲ್ಲಿ ಈಗಾಗಲೇ ಸ್ಟ್ಯಾಟಿನ್ ತಗೊಳ್ಳುತ್ತಿರುವವರ ಮಾತ್ರೆ ನಿಲ್ಲಿಸಬೇಡಿ ದಯವಿಟ್ಟು. ಟಿಎಸ್‌ಎಚ್ ಯಾವಾಗಲಾದರೂ ನೋಡಿದ್ದಾರಾ ಅಂತ ಅವರ ಡಾಕ್ಟರನ್ನು ಕೇಳಿ, ಸಾಕು.

ತಪ್ಪು ಕಾಫಿಯದ್ದು

ಜನವರಿಯಲ್ಲಿ ಟಿಎಸ್‌ಎಚ್ 14.6 ಆಗಿದ್ದಾದರೂ ಯಾಕೆ? ಆಗಿನ್ನೂ ನಾನು ದಿನಾ ಮಾತ್ರೆ ನುಂಗುತ್ತಿದ್ದೆನಲ್ಲ. ಮೇಡಂ ಕೇಳಿದ್ದು ಒಂದೇ ಪ್ರಶ್ನೆ: “ಹೇಗೆ ತಗೋತೀಯ?”

ಎದ್ದ ಕೂಡಲೇ ಮಾತ್ರೆ, ಅದರ ಹಿಂದೆಯೇ ಫಿಲ್ಟರ್ ಕಾಫಿ. ಹಿಂದಿನ ನವೆಂಬರ್‌ನಲ್ಲಿ ಹಿಮೋಗ್ಲೋಬಿನ್ ಕಡಿಮೆ ಅಂತ ಕೊಟ್ಟಿದ್ದ ಐರನ್ ಮಾತ್ರೆಯನ್ನೂ, ಮರೆಯಬಾರದು ಅಂತ, ಅದರ ಜೊತೆಗೇ ನುಂಗುತ್ತಿದ್ದೆ. ಮೇಡಂ ಹಣೆ ಚಚ್ಚಿಕೊಂಡರು. ಕಾಫಿ ಈ ಮಾತ್ರೆ ಹೀರಿಕೊಳ್ಳುವುದನ್ನು ಕಡಿಮೆ ಮಾಡುತ್ತೆ. ಐರನ್ ಮತ್ತು ಕ್ಯಾಲ್ಸಿಯಂ ಅಂತೂ ಹೊಟ್ಟೆಯಲ್ಲೇ ಅದನ್ನು ಹಿಡಿದುಕೊಂಡು ಬಿಡುತ್ತವೆ. ಮಾತ್ರೆ ನುಂಗಿದರೂ ರಕ್ತಕ್ಕೆ ಸೇರೋದು ಅರ್ಧಂಬರ್ಧ. ಈಗ ಬೆಳಗ್ಗೆ ಐದೂ ಮುಕ್ಕಾಲಿಗೆ ಬರೀ ನೀರಿನಲ್ಲಿ ಮಾತ್ರೆ, ಆರೂವರೆ ಮೇಲೆ ಕಾಫಿ, ಐರನ್ ಮಧ್ಯಾಹ್ನ ಊಟದ ಹೊತ್ತಿಗೆ. ಐರನ್, ಕ್ಯಾಲ್ಸಿಯಂ, ಗ್ಯಾಸ್ಟ್ರಿಕ್‌ಗೆ ಕುಡಿಯುವ ಆ್ಯಂಟಾಸಿಡ್ ಇವಕ್ಕೆಲ್ಲ ನಾಲ್ಕು ಗಂಟೆ ಅಂತರ ಬೇಕು. ಕಾಫಿಗೆ ಆ ಮುಕ್ಕಾಲು ಗಂಟೆ ಕಾಯೋದು ಮಾತ್ರ ಇವತ್ತಿಗೂ ಕಷ್ಟ.

ಡೋಸ್ ಮತ್ತೆ 75ಕ್ಕೆ, ಪ್ರತಿದಿನ. “ಮುಂದಿನ ವಾರ ಟೆಸ್ಟ್ ಮಾಡಿಸ್ಲಾ ಮೇಡಂ?” ಅಂದೆ. ಎಂಟು ವಾರ ಬಿಟ್ಟು ಬಾ ಅಂದರು. ಈ ಹಾರ್ಮೋನ್ ರಕ್ತದಲ್ಲಿ ಅರ್ಧ ಇಳಿಯೋಕೇ ಸುಮಾರು ಒಂದು ವಾರ ಬೇಕು. ಹಾಗಾಗಿ ಡೋಸ್ ಬದಲಾದ ಮೇಲೆ ಎಲ್ಲ ಒಂದು ನೆಲೆಗೆ ಬರಲು ಆರರಿಂದ ಎಂಟು ವಾರ. ಅದಕ್ಕೂ ಮುಂಚೆ ನೋಡಿದರೆ ನಂಬರ್ ದಾರಿ ತಪ್ಪಿಸುತ್ತೆ. ಕೊಲೆಸ್ಟ್ರಾಲ್‌ನ ನಿಜ ಬಣ್ಣ ಗೊತ್ತಾಗೋದು ಟಿಎಸ್‌ಎಚ್ ಸರಿಹೋದ ಮೇಲೆಯೇ.

ಟೆಸ್ಟ್ ದಿನದ ಬಗ್ಗೆಯೂ ಒಂದಿಷ್ಟು ಹೇಳಿದರು. ಟಿಎಸ್‌ಎಚ್ ರಾತ್ರಿ, ಬೆಳಗಿನ ಜಾವ ಹೆಚ್ಚಿದ್ದು ಮಧ್ಯಾಹ್ನಕ್ಕೆ ಇಳಿಯುತ್ತೆ. ಆದ್ದರಿಂದ ಪ್ರತಿ ಸಲ ಹೆಚ್ಚುಕಮ್ಮಿ ಅದೇ ಹೊತ್ತಿಗೆ, ಸಾಧ್ಯವಾದರೆ ಅದೇ ಲ್ಯಾಬ್‌ನಲ್ಲಿ. ಅವತ್ತಿನ ಮಾತ್ರೆ ರಕ್ತ ಕೊಟ್ಟ ಮೇಲೆ. ಮತ್ತೆ, ಕೂದಲು ಉದುರುತ್ತೆ ಅಂತ ನಮ್ಮ ವಯಸ್ಸಿನವರೆಲ್ಲ ತಿನ್ನುವ ಬಯೋಟಿನ್ ಗಮ್ಮಿಗಳಿವೆಯಲ್ಲ, ಅವು ಕೆಲವು ಲ್ಯಾಬ್ ಯಂತ್ರಗಳನ್ನೇ ಏಮಾರಿಸುತ್ತವೆ! ಟಿಎಸ್‌ಎಚ್ ಇರೋದಕ್ಕಿಂತ ಕಡಿಮೆ, ಟಿ4 ಹೆಚ್ಚು ಅಂತ ತೋರಿಸಬಹುದು. ಟೆಸ್ಟ್‌ಗೆ ಎರಡು ದಿನ ಮುಂಚೆಯೇ ನಿಲ್ಲಿಸಬೇಕು, ತಗೊಳ್ಳುತ್ತಿದ್ದೀವಿ ಅಂತ ಡಾಕ್ಟರಿಗೆ ಹೇಳಬೇಕು. ನನ್ನ ಡ್ರಾಯರ್‌ನಲ್ಲೂ ಒಂದು ಬಾಟಲಿ ಇತ್ತು.

ನನ್ನ ಎಲ್‌ಡಿಎಲ್ ನಂಬರ್ ಎಲ್ಲಿಂದ ಬಂತು ಅಂತಲೂ ಅವತ್ತೇ ಗೊತ್ತಾಗಿದ್ದು. ಬಹಳ ಲ್ಯಾಬ್‌ಗಳು ಅದನ್ನು ಅಳೆಯೋದಿಲ್ಲ, ಲೆಕ್ಕ ಹಾಕುತ್ತವೆ. ಒಟ್ಟು ಕೊಲೆಸ್ಟ್ರಾಲ್‌ನಿಂದ ಎಚ್‌ಡಿಎಲ್ ಕಳೆದು, ಟ್ರೈಗ್ಲಿಸರೈಡ್‌ನ ಐದನೇ ಒಂದು ಭಾಗವನ್ನೂ ಕಳೆಯಬೇಕು. ನನ್ನ ಜನವರಿ ರಿಪೋರ್ಟ್: 262ರಲ್ಲಿ 46 ಹೋಗಿ, 210ರ ಐದನೇ ಒಂದು ಭಾಗ 42 ಹೋಗಿ, 174. ಟ್ರೈಗ್ಲಿಸರೈಡ್ 400 ದಾಟಿದರೆ ಈ ಲೆಕ್ಕ ನಂಬೋ ಹಾಗಿಲ್ಲ, ನೇರವಾಗಿ ಅಳೆಯಬೇಕು. ವಿದೇಶದಲ್ಲಿರುವ ತಮ್ಮನ ರಿಪೋರ್ಟ್‌ನಲ್ಲಿ 5.2 ಅಂತ ನೋಡಿ ಅಮ್ಮ ಖುಷಿಪಟ್ಟಿದ್ದರು. ಅದು ಬೇರೆ ಅಳತೆ. ನಮ್ಮ ಲೆಕ್ಕದಲ್ಲಿ ಸುಮಾರು 200!

ಈಗ ಎಲ್ಲಿದ್ದೀನಿ?

ಎಂಟು ವಾರಕ್ಕೆ ಟಿಎಸ್‌ಎಚ್ 6.2, ಎಲ್‌ಡಿಎಲ್ 148. ಮೇಡಂ ಡೋಸ್ 88 ಮಾಡಿದರು. ಇನ್ನೆರಡು ತಿಂಗಳಿಗೆ ಟಿಎಸ್‌ಎಚ್ 2.4, ಒಟ್ಟು ಕೊಲೆಸ್ಟ್ರಾಲ್ 204, ಎಲ್‌ಡಿಎಲ್ 126. ಧ್ವನಿ ವಾಪಸ್ ಬಂತು. ಶಾಲು ಬೀರು ಸೇರಿತು.

126ನ್ನು ನೋಡಿ ನಾನು ಕುಣಿದಾಡಿದೆ. ಮೇಡಂ ಕುಣಿಯಲಿಲ್ಲ. 200ರಿಂದ 126ಕ್ಕೆ ಇಳಿಸಿದ್ದು ಮುಖ್ಯವಾಗಿ ಥೈರಾಯ್ಡ್, ಉಳಿದ 126 ನನ್ನದು ಅಂದರು. ಅಂದರೆ ಊಟ, ಓಡಾಟ, ಅಪ್ಪನಿಂದ ಬಂದದ್ದು. ಅಪ್ಪ ಅಥವಾ ಅಣ್ಣ-ತಮ್ಮನಿಗೆ 55ರೊಳಗೆ, ಅಮ್ಮ ಅಥವಾ ಅಕ್ಕ-ತಂಗಿಗೆ 65ರೊಳಗೆ ಹೃದಯದ ಕಾಯಿಲೆ ಬಂದಿದ್ದರೆ ಅದನ್ನು ಲೆಕ್ಕಕ್ಕೆ ಇಟ್ಟುಕೊಳ್ಳಲೇಬೇಕಂತೆ. ಎಲ್‌ಡಿಎಲ್ 100ರ ಕೆಳಗೆ ಬಂದರೆ ಒಳ್ಳೆಯದು. ಆರು ತಿಂಗಳು ನೋಡೋಣ, ಆಮೇಲೂ ಬೇಕಾದರೆ ಸ್ಟ್ಯಾಟಿನ್ ಯೋಚಿಸೋಣ, ಆಗ ಥೈರಾಯ್ಡ್ ಸರಿ ಇರೋದರಿಂದ ಭಯ ಕಡಿಮೆ ಅಂದರು. “ಹಾಗಾದ್ರೆ ಥೈರಾಯ್ಡ್ ಮಾತ್ರೆನೇ ಇನ್ನೂ ಸ್ವಲ್ಪ ಜಾಸ್ತಿ ಮಾಡಿದ್ರೆ?” ಅಂತ ಕೇಳಿದ್ದಕ್ಕೆ ಈ ಸಲ ನಿಜವಾಗಲೂ ಬೈದರು. ಹೆಚ್ಚಾದರೆ ಎದೆ ಡವಡವ, ಮೂಳೆ ಸವೆತ. ತೂಕ ಇಳಿಸೋಕೆ ಅಂತ ಹಾಗೆ ನುಂಗುವವರಿದ್ದಾರೆ, ನೀನು ಆ ಸಾಲಿಗೆ ಸೇರಬೇಡ ಅಂದರು. ಮದುವೆ ಆಗಿ ಮಗು ಯೋಚನೆ ಇದ್ದರೆ ಮೊದಲೇ ಹೇಳು, ಗರ್ಭಿಣಿ ಅಂತ ಗೊತ್ತಾದ ದಿನವೇ ಬಾ, ಆಗ ಡೋಸ್ ಸಾಮಾನ್ಯವಾಗಿ ಏರಿಸಬೇಕಾಗುತ್ತೆ ಅಂತಲೂ ಸೇರಿಸಿದರು. ಅಮ್ಮನೇ ಹೇಳಿಕೊಟ್ಟಿದ್ದಾರೇನೋ ಅನಿಸಿತು.

ಇದೆಲ್ಲ ಮುಗಿಸಿ ಊರಿಗೆ ಹೋದಾಗ ಅಮ್ಮನ ಮಾತ್ರೆ ಡಬ್ಬಿ ನೋಡಿದೆ. ನಾಲ್ಕು ವರ್ಷದಿಂದ ಕೊಲೆಸ್ಟ್ರಾಲ್ ಮಾತ್ರೆ, ಜೊತೆಗೆ ಕಾಲು ನೋವಿನ ಗೊಣಗಾಟ. ಟಿಎಸ್‌ಎಚ್ ಟೆಸ್ಟ್ ಒಮ್ಮೆಯೂ ಆಗಿರಲಿಲ್ಲ. ಸಾಗರದ ಲ್ಯಾಬ್‌ಗೆ ಕರೆದುಕೊಂಡು ಹೋದೆ. 5.8 ಬಂತು, ಫ್ರೀ ಟಿ4 ಸರಿ ಇತ್ತು. ನಾನು ದೊಡ್ಡ ಪತ್ತೇದಾರಿ ಮಾಡಿದೆ ಅಂತ ಬೀಗಿದ್ದೇ ಬಂತು. ಅಲ್ಲಿನ ಡಾಕ್ಟರ್, ವಯಸ್ಸಾದ ಹಾಗೆ ಟಿಎಸ್‌ಎಚ್ ಸ್ವಲ್ಪ ಮೇಲಿರೋದು ಸಹಜ, ಮೂರು ತಿಂಗಳು ಬಿಟ್ಟು ಇನ್ನೊಮ್ಮೆ ನೋಡೋಣ, ಮಾತ್ರೆ ಈಗ ಬೇಡ ಅಂದರು. ಕಾಲು ನೋವು ಮಂಡಿ ಸವೆತದ್ದಂತೆ.

“ನೋಡಿದ್ಯಾ, ನಂಗೇನೂ ಆಗಿಲ್ಲ” ಅಂತ ಅಮ್ಮ ಅವತ್ತು ಮಧ್ಯಾಹ್ನ ನನ್ನ ಸಾರನ್ನಕ್ಕೆ ತುಪ್ಪ ಹಾಕೋಕೆ ಬಂದರು. ಒಂದೇ ಚಮಚ ಅಂದೆ. ಎರಡು ಹಾಕಿದರು.

ನನ್ನ ಮುಂದಿನ ಟೆಸ್ಟ್ ಬರುವ ತಿಂಗಳು 12ಕ್ಕೆ. ಬೆಳಗ್ಗೆ ಏಳೂವರೆಗೆ, ಅದೇ ಲ್ಯಾಬ್, ಮಾತ್ರೆ ಚೀಲದಲ್ಲಿ.