ತೆರೆಯ ಮೇಲಿನ ಜಾತ್ರೆ: ಉದ್ಯಾನ ಕಟ್ಟುವ ಆಟ ಕಲಿಯುವವರಿಗೆ ಕೆಲವು ಸೂಚನೆಗಳು

ಬೇಸಿಗೆಯ ರಜೆ ಬಂತೆಂದರೆ ನಮ್ಮ ಭಾಗದ ಮನೆಗಳಲ್ಲಿ ಎರಡು ಮಾತುಗಳು ಮತ್ತೆ ಮತ್ತೆ ಕೇಳಿಬರುತ್ತವೆ. "ಬಿಸಿಲಾಗ ಹೊರಗ ಹೋಗಬ್ಯಾಡ್ರಿ" ಎಂಬುದು ಒಂದು. "ಆ ಮೊಬೈಲ್ ಕೆಳಗಿಡ್ರಿ" ಎಂಬುದು ಇನ್ನೊಂದು. ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ, ಚಿಂಚೋಳಿಗಳಲ್ಲಿ ಮೇ ತಿಂಗಳ ಉಷ್ಣತೆ 42 ಡಿಗ್ರಿ ದಾಟುವುದು ಹೊಸ ಸಂಗತಿಯೇನಲ್ಲ. ಹೊರಗೆ ಆಡುವಂತಿಲ್ಲ, ಒಳಗೆ ಆಡಿದರೆ ಬೈಗುಳ ತಪ್ಪದು ಎಂದಾದರೆ ಮಕ್ಕಳಾದರೂ ಏನು ಮಾಡಬೇಕು? ಕಳೆದ ಬೇಸಿಗೆಯಲ್ಲಿ ನಾವು ಗದರಿಸುವುದನ್ನು ತುಸು ಬದಿಗಿಟ್ಟು, ನಮ್ಮ ಮನೆಯ ಹುಡುಗ ಅಷ್ಟು ತನ್ಮಯನಾಗಿ ಏನನ್ನು ಆಡುತ್ತಿದ್ದಾನೆಂದು ಅವನ ಮಗ್ಗುಲಲ್ಲಿ ಕುಳಿತು ನೋಡಿದೆವು.

ಅದು ಹೊಡೆದಾಟದ ಆಟವಾಗಿರಲಿಲ್ಲ. ಖಾಲಿ ನೆಲವೊಂದನ್ನು ಕೊಟ್ಟು, ಒಂದಿಷ್ಟು ಸಾಲವನ್ನೂ ಕೊಟ್ಟು, "ಇಲ್ಲಿ ಜನ ಬಂದು ಸಂತೋಷಪಡುವಂಥ ಉದ್ಯಾನವನ್ನು ಕಟ್ಟು" ಎಂದು ಹೇಳುವ ಆಟ. ಹೆಸರು ರೋಲರ್‌ಕೋಸ್ಟರ್ ಟೈಕೂನ್. ಸ್ಕಾಟ್ಲೆಂಡಿನ ಕ್ರಿಸ್ ಸಾಯರ್ ಎಂಬವರು ಇದನ್ನು 1999ರಲ್ಲಿ ಹೊರತಂದರು. ಗಣಕಯಂತ್ರದ ಅತ್ಯಂತ ಕ್ಲಿಷ್ಟವಾದ ಅಸೆಂಬ್ಲಿ ಭಾಷೆಯಲ್ಲಿ ಬಹುಮಟ್ಟಿಗೆ ಒಬ್ಬರೇ ಕುಳಿತು ಬರೆದ ಆಟವಿದು. ಎರಡನೆಯ ಭಾಗ 2002ರಲ್ಲಿ ಬಂದಿತು. ಎರಡನ್ನೂ ಕೂಡಿಸಿ 'ಕ್ಲಾಸಿಕ್' ಎಂಬ ಹೆಸರಿನಲ್ಲಿ ಮೊಬೈಲಿಗೆ ತಂದದ್ದು 2016ರಲ್ಲಿ. ಬಿಡದಿಯ ಬಳಿ 2005ರಲ್ಲಿ ಆರಂಭವಾದ ವಂಡರ್‌ಲಾದಂತಹ ಉದ್ಯಾನವನ್ನು ಕಂಡವರಿಗೆ ಇದರ ಸ್ವರೂಪ ಕೂಡಲೇ ತಿಳಿದೀತು. ಕಾಣದವರು ಜಾತ್ರೆಯನ್ನು ನೆನೆದುಕೊಂಡರೆ ಸಾಕು. ತೊಟ್ಟಿಲು, ಕುದುರೆಯ ಆಟ, ಮಿಠಾಯಿ ಅಂಗಡಿ, ಜನಜಂಗುಳಿ, ಎಲ್ಲವೂ ಅಲ್ಲಿವೆ.

ಹುಡುಗ ಕಟ್ಟಿದ ಉದ್ಯಾನ ನೋಡಲು ಸೊಗಸಾಗಿತ್ತು. ಎತ್ತರವಾದ ಹಳಿಗಳು, ಸುತ್ತುವ ಯಂತ್ರಗಳು, ಬಣ್ಣಬಣ್ಣದ ಅಂಗಡಿಗಳು. ಆದರೂ ಜನ ಬಂದಷ್ಟೇ ವೇಗವಾಗಿ ಹೊರಟುಹೋಗುತ್ತಿದ್ದರು. ಅವನಿಗೆ ಕಾರಣ ತಿಳಿಯಲಿಲ್ಲ, ನಮಗೂ ತಿಳಿಯಲಿಲ್ಲ. ಹಿಂದೆ ನಿಂತು ನೋಡುತ್ತಿದ್ದ ಅವನ ಅಜ್ಜಿ ಕೇಳಿದರು: "ಎಲ್ಲಾ ಚಂದ ಅದ ತಮ್ಮಾ. ಆದರ ನಾ ಬಂದ್ರ ಎಲ್ಲಿ ಕೂಡ್ಲಿ? ನೀರು ಎಲ್ಲಿ ಸಿಗ್ತಾವ?"

ಆ ಪ್ರಶ್ನೆ ಸುಮ್ಮನೆ ಬಂದದ್ದಲ್ಲ. ಕೆಲವು ವರ್ಷಗಳ ಹಿಂದೆ ಜಾತ್ರೆಯೊಂದರಲ್ಲಿ, ನಡುಮಧ್ಯಾಹ್ನದ ಬಿಸಿಲಿನಲ್ಲಿ, ಆ ಹಿರಿಯ ಜೀವ ತಲೆಸುತ್ತಿ ಕುಸಿದಿತ್ತು. ಕೂರಿಸಲು ಟ್ರ್ಯಾಕ್ಟರಿನ ನೆರಳಲ್ಲದೆ ಬೇರೆ ನೆರಳಿರಲಿಲ್ಲ. ನೀರಿಗಾಗಿ ನಾವು ಜನರ ನಡುವೆ ನುಗ್ಗಿ ಬಹುದೂರ ಓಡಬೇಕಾಯಿತು. ಆ ಹತ್ತು ನಿಮಿಷಗಳನ್ನು ನಮ್ಮ ಮನೆಯವರಾರೂ ಮರೆತಿಲ್ಲ. ಉದ್ಯಾನವಾಗಲಿ ಜಾತ್ರೆಯಾಗಲಿ, ಅದನ್ನು ಯಂತ್ರಕ್ಕಾಗಿ ಕಟ್ಟುವುದಲ್ಲ, ನಡೆದು ಬರುವ ಮನುಷ್ಯನಿಗಾಗಿ ಕಟ್ಟುವುದು. ಈ ಒಂದು ಮಾತನ್ನು ಹಿಡಿದರೆ ಆಟದ ಮಿಕ್ಕ ಸೂತ್ರಗಳೆಲ್ಲ ತಾವಾಗಿಯೇ ಬಿಚ್ಚಿಕೊಳ್ಳುತ್ತವೆ. ಹೊಸದಾಗಿ ಆಡುವ ಮಕ್ಕಳಿಗಾಗಿ, ಜೊತೆಗೆ ಕೂರುವ ಹಿರಿಯರಿಗಾಗಿ, ನಾವು ಕಂಡುಕೊಂಡ ಕೆಲವು ಸಂಗತಿಗಳನ್ನು ಇಲ್ಲಿ ಹೇಳುತ್ತಿದ್ದೇವೆ.

ಮೊದಲು ದಾರಿ, ಆಮೇಲೆ ಯಂತ್ರ

ವಾಡಿ ಜಂಕ್ಷನ್ನಿನಲ್ಲಿ ರೈಲು ಬದಲಿಸಿದವರಿಗೆ ದಾರಿಯ ಬೆಲೆ ಗೊತ್ತು. ಸೊಲ್ಲಾಪುರದ ಕಡೆಯಿಂದ, ರಾಯಚೂರಿನ ಕಡೆಯಿಂದ, ಸೇಡಂ ಮಾರ್ಗವಾಗಿ ಸಿಕಂದರಾಬಾದಿನ ಕಡೆಯಿಂದ ಬರುವ ಜನ ಅಲ್ಲಿ ಕೂಡುತ್ತಾರೆ. ಇಳಿಯುವವರೂ ಹತ್ತುವವರೂ ಒಂದೇ ಮೆಟ್ಟಿಲಿನಲ್ಲಿ ಎದುರಾದರೆ ಏನಾಗುತ್ತದೆಂಬುದನ್ನು ವಿವರಿಸಬೇಕಾಗಿಲ್ಲ. ಆಟದಲ್ಲಿಯೂ ಹಾಗೆಯೇ. ಸರದಿಯ ದಾರಿಯನ್ನೂ ಹೊರಬರುವ ದಾರಿಯನ್ನೂ ಬೇರೆ ಬೇರೆಯಾಗಿಡಬೇಕು. ಹೊರಬರುವ ದಾರಿ ಮತ್ತೆ ಮುಖ್ಯ ಬೀದಿಗೇ ಬಂದು ಸೇರಬೇಕು; ಎಲ್ಲಿಗೂ ಹೋಗದ ಕುರುಡು ದಾರಿ ಇರಕೂಡದು. ಹೊಸಬರು ಬೀದಿಯನ್ನು ಅಗಲವಾಗಿಸಲು ಎರಡು ಮೂರು ಸಾಲು ಹಾಸುಗಳನ್ನು ಒತ್ತಾಗಿ ಜೋಡಿಸುವುದುಂಟು. ಈ ಆಟದ ಜನಕ್ಕೆ ಅಂಥ ಹಾಸಿನ ಪ್ರತಿಯೊಂದು ಚೌಕವೂ ಒಂದು ಕೂಡುರಸ್ತೆಯಂತೆ ತೋರಿ, ಅವರು ದಾರಿ ತಪ್ಪಿ ಅಲೆಯತೊಡಗುತ್ತಾರೆ. ಒಂದೇ ಸಾಲಿನ ದಾರಿ, ಸ್ಪಷ್ಟವಾದ ತಿರುವು, ಇಷ್ಟಿದ್ದರೆ ಸಾಕು. ಸರದಿಯನ್ನು ಅತಿ ಉದ್ದ ಮಾಡಿದರೆ ನಿಂತವರು ಬೇಸತ್ತು ಹೊರಟುಹೋಗುತ್ತಾರೆಂಬುದೂ ನೆನಪಿರಲಿ.

ದೂರದಿಂದಲೇ ಕಾಣುವ ಒಂದು ಗುರುತೂ ಇರಬೇಕು. ಹೋಳಿ ಹುಣ್ಣಿಮೆಯ ಬಳಿಕ ಕಲಬುರಗಿಯಲ್ಲಿ ನಡೆಯುವ ಶರಣಬಸವೇಶ್ವರರ ಜಾತ್ರೆಯಲ್ಲಿ ಎಷ್ಟೇ ಜನ ಸೇರಿದರೂ ಎಲ್ಲರ ಕಣ್ಣು ತೇರಿನ ಕಳಸದ ಕಡೆಗಿರುತ್ತದೆ. ಅಮೆರಿಕದ ಡಿಸ್ನಿಲ್ಯಾಂಡಿನಲ್ಲಿ ಹೆಬ್ಬಾಗಿಲಿನಿಂದ ನೇರ ಬೀದಿ, ಬೀದಿಯ ಕೊನೆಗೆ ಎತ್ತರದ ಕೋಟೆ. ಕಲಿಸುವ ಪಾಠ ಎರಡೂ ಕಡೆ ಒಂದೇ. ಇದು ಆಟದ ಲೆಕ್ಕಕ್ಕಿಂತ ನೋಟದ ಮಾತು. ಆದರೂ ನಿಮ್ಮ ಉದ್ಯಾನದ ಅತಿ ಎತ್ತರದ ಆಟವನ್ನು ಬಾಗಿಲಲ್ಲಿ ಇಡದೆ ಒಳಗಿಡಿ. ಜನ ಅದನ್ನು ನೋಡುತ್ತ ಒಳಗೆ ನಡೆಯಲಿ.

ನೆಲದೊಡನೆ ಜಗಳ ಬೇಡ

ಹೊಸಬರು ಮಾಡುವ ಎರಡನೆಯ ತಪ್ಪೆಂದರೆ ಗುಡ್ಡವನ್ನು ಕಡಿದು, ತಗ್ಗನ್ನು ತುಂಬಿ, ನೆಲವನ್ನೆಲ್ಲ ಸಪಾಟು ಮಾಡುವುದು. ಆಟದಲ್ಲಿ ಮಣ್ಣು ಸರಿಸುವುದಕ್ಕೂ ಹಣ ತೆರಬೇಕು. ಸಾಲದ ಹಣ ಅಲ್ಲಿಯೇ ಕರಗುತ್ತದೆ. ಶಹಾಬಾದದ ಕಲ್ಲುಗಣಿಗಳನ್ನು ನೋಡಿರಿ. ಹಾಸುಗಲ್ಲು ಪದರಪದರವಾಗಿ ಎದ್ದುಹೋದ ಮೇಲೆ ಉಳಿದ ತಗ್ಗುಗಳು ಮೆಟ್ಟಿಲು ಮೆಟ್ಟಿಲಾಗಿ ಇಳಿಯುತ್ತವೆ. ಅಂಥ ತಗ್ಗಿನ ಅಂಚಿನಿಂದ ಹಳಿಯನ್ನು ಕೆಳಗಿಳಿಸಿದರೆ ಬಂಡಿಗೆ ತಾನಾಗಿಯೇ ವೇಗ ಬರುತ್ತದೆ. ಎತ್ತರದ ಗೋಪುರ ಕಟ್ಟುವ ಖರ್ಚು ಉಳಿಯುತ್ತದೆ. ನಡುವೆ ಒಂದು ಸುರಂಗ ಬಂದರೆ ಉಲ್ಲಾಸ ಇನ್ನೂ ಹೆಚ್ಚು.

ಮರಗಳ ವಿಷಯವೂ ಅಷ್ಟೇ. ಚಿಂಚೋಳಿಯ ಕಾಡು 2011ರಲ್ಲಿ ವನ್ಯಜೀವಿಧಾಮವಾಯಿತು. ಸುತ್ತಲೂ ಬಿಸಿಲು ಕಾದ ಬಯಲಿರುವಾಗ ಆ ಹಸಿರಿನೊಳಗೆ ಕಾಲಿಟ್ಟವರಿಗೆ ಆಗುವ ಹಿತವನ್ನು ನಾವೆಲ್ಲ ಬಲ್ಲೆವು. ಈ ಆಟದಲ್ಲಿಯೂ ಹಳಿಯ ಸುತ್ತ ಗಿಡಮರ, ನೀರು, ಅಲಂಕಾರಗಳಿದ್ದರೆ ಆ ಆಟದ ಉಲ್ಲಾಸದ ಅಂಕ ಏರುತ್ತದೆ. ಕೆಲವು ಹಂತಗಳಲ್ಲಂತೂ ಮರ ಕಡಿಯುವುದಕ್ಕೆ ಅಲ್ಲಿನ ಆಡಳಿತ ಅನುಮತಿಯನ್ನೇ ಕೊಡುವುದಿಲ್ಲ. ಮರಗಳ ನಡುವೆ ಹಳಿಯನ್ನು ಹಾಯಿಸುವುದನ್ನು ಕಲಿತವನೇ ಆಗ ಗೆಲ್ಲುತ್ತಾನೆ.

ನೀರು, ಆಸನ, ಶೌಚಾಲಯ

ಡಿಸ್ನಿಲ್ಯಾಂಡ್ ಆರಂಭವಾದದ್ದು 1955ರ ಜುಲೈ 17ರಂದು. ಅಂದು ಅಲ್ಲಿ ವಿಪರೀತ ಬಿಸಿಲು. ಕುಡಿಯುವ ನೀರಿನ ನಲ್ಲಿಗಳು ಸಾಲಲಿಲ್ಲ. ಹೊಸ ಡಾಂಬರು ಮೆತ್ತಗಾಗಿ ಹೆಣ್ಣುಮಕ್ಕಳ ಪಾದರಕ್ಷೆಯ ಹಿಮ್ಮಡಿಗಳು ಅದರಲ್ಲಿ ಹೂತುಹೋದವು. ಲೋಕಪ್ರಸಿದ್ಧವಾದ ಆ ಉದ್ಯಾನವೂ ಮೊದಲ ದಿನವೇ ಎಡವಿದ್ದು ನೀರಿನ ವಿಷಯದಲ್ಲಿ ಎಂಬುದನ್ನು ಸೇಡಂ ಸೀಮೆಯ ನಾವು ಮರೆಯುವಂತಿಲ್ಲ.

ಆಟದಲ್ಲಿ ಪ್ರತಿಯೊಬ್ಬ ಸಂದರ್ಶಕನನ್ನೂ ಮುಟ್ಟಿ ಅವನ ಮನಸ್ಸಿನ ಮಾತನ್ನು ಓದಬಹುದು. ಬಾಯಾರಿಕೆಯಾಗಿದೆ, ಹಸಿವಾಗಿದೆ, ಶೌಚಾಲಯ ಬೇಕಾಗಿದೆ, ಬಹಳ ಹೊತ್ತಿನಿಂದ ಸರದಿಯಲ್ಲಿದ್ದೇನೆ, ಹೊರಹೋಗುವ ದಾರಿ ಕಾಣುತ್ತಿಲ್ಲ ಎಂದು ಅವರು ಹೇಳಿಕೊಳ್ಳುತ್ತಾರೆ. ನಮ್ಮ ಹುಡುಗ ಅಜ್ಜಿಯ ಪ್ರಶ್ನೆ ಕೇಳಿದ ಮೇಲೆ ಮೊದಲ ಬಾರಿಗೆ ಆ ಮಾತುಗಳನ್ನು ತೆರೆದು ನೋಡಿದ. ಬಹುಪಾಲು ಜನ ಬಾಯಾರಿದ್ದರು! ಹೊಸ ಯಂತ್ರ ಕೊಳ್ಳುವ ಮುನ್ನ ದಿನಕ್ಕೊಮ್ಮೆ ಈ ಮಾತುಗಳನ್ನು ಓದುವುದೇ ಅತ್ಯುತ್ತಮ ಸೂಚನೆ ಎಂಬುದು ನಮ್ಮ ಅನುಭವ.

ಪಾನೀಯದ ಅಂಗಡಿ, ತಿಂಡಿಯ ಅಂಗಡಿ, ಶೌಚಾಲಯಗಳನ್ನು ಒಂದೇ ಮೂಲೆಯಲ್ಲಿ ಗುಡ್ಡೆ ಹಾಕದೆ ದಾರಿಯುದ್ದಕ್ಕೂ ಹಂಚಬೇಕು. ತಲೆಸುತ್ತು ಬರಿಸುವ ಆಟದ ಹೊರಬಾಗಿಲಲ್ಲಿ ಬೆಂಚುಗಳಿರಬೇಕು. ಕುಳಿತರೆ ಓಕರಿಕೆ ಬೇಗ ಇಳಿಯುತ್ತದೆ. ಮಳೆ ಬಂದಾಗ ಜನ ಮೇಲ್ಛಾವಣಿಯಿಲ್ಲದ ಆಟಗಳಿಗೆ ಹೋಗಲು ಹಿಂಜರಿಯುತ್ತಾರೆ. ಮೇಲೆ ಮುಚ್ಚಿಗೆಯಿರುವ ಒಂದೆರಡು ಆಟಗಳು ಆಗ ಉದ್ಯಾನವನ್ನು ಕಾಪಾಡುತ್ತವೆ.

ಎಲ್ಲರಿಗೂ ಒಂದು ಆಟ

ಪ್ರತಿಯೊಂದು ಯಂತ್ರಕ್ಕೂ ಮೂರು ಅಂಕಗಳಿರುತ್ತವೆ: ಉಲ್ಲಾಸ, ತೀವ್ರತೆ, ಓಕರಿಕೆ. ಉಲ್ಲಾಸ ಹೆಚ್ಚಿರಬೇಕು, ಓಕರಿಕೆ ಕಡಿಮೆಯಿರಬೇಕು, ಎಡವುವುದು ತೀವ್ರತೆಯಲ್ಲಿ. ಅದು ಹತ್ತನ್ನು ಮೀರಿತೆಂದರೆ ಬಹುಪಾಲು ಜನ ಅದರ ಹತ್ತಿರ ಸುಳಿಯುವುದಿಲ್ಲ. ವೇಗವಾಗಿ ಬರುವ ಬಂಡಿಯನ್ನು ಓರೆ ಕೊಡದ ಚಪ್ಪಟೆ ತಿರುವಿನಲ್ಲಿ ಹೊರಳಿಸಿದರೆ ಹೀಗಾಗುತ್ತದೆ. ತಿರುವಿಗೆ ಓರೆ ಕೊಟ್ಟು, ವೇಗ ತುಸು ಇಳಿಸಿ, ಜನರನ್ನು ಹತ್ತಿಸುವ ಮುನ್ನ ಖಾಲಿ ಬಂಡಿ ಓಡಿಸಿ ಪರೀಕ್ಷಿಸಿದರೆ ಅಂಕಗಳು ತಿಳಿಯುತ್ತವೆ. ಸಂದರ್ಶಕರಲ್ಲಿ ಧೈರ್ಯವಂತರೂ ಇದ್ದಾರೆ, ಅಳುಕುವವರೂ ಇದ್ದಾರೆ. ಆದ್ದರಿಂದ ಒಂದು ದೊಡ್ಡ ಯಂತ್ರಕ್ಕೆ ಎರಡು ಮೂರು ಸೌಮ್ಯವಾದ ಆಟಗಳಾದರೂ ಜೊತೆಯಿರಲಿ.

ನೋಡಿಕೊಳ್ಳುವವರು

ಚಿತ್ತಾಪುರದ ಪಕ್ಕದ ನಾಗಾವಿಯಲ್ಲಿ ಹನ್ನೊಂದನೆಯ ಶತಮಾನದಲ್ಲಿ ದೊಡ್ಡದೊಂದು ಘಟಿಕಾಸ್ಥಾನವಿತ್ತು. ಕಲ್ಯಾಣ ಚಾಲುಕ್ಯರ ಕಾಲದ ಶಾಸನ ಅಲ್ಲಿನ ಗುರುಗಳನ್ನು, ವಿದ್ಯಾರ್ಥಿಗಳನ್ನು ಹೇಳುವುದರ ಜೊತೆಗೆ, ಗ್ರಂಥಗಳನ್ನು ಕಾಯುವ ಸರಸ್ವತೀ ಭಂಡಾರಿಗರನ್ನೂ ಮರೆಯದೆ ಹೆಸರಿಸುತ್ತದೆ. ಕಟ್ಟಿದವರು ಕಟ್ಟಡಕ್ಕೆ ನಿಲ್ಲಲಿಲ್ಲ. ಅದನ್ನು ನೋಡಿಕೊಳ್ಳುವವರಿಗೂ ಏರ್ಪಾಡು ಮಾಡಿದರು.

ಆಟದಲ್ಲಿಯೂ ನಾಲ್ಕು ಬಗೆಯ ಕೆಲಸದವರಿದ್ದಾರೆ: ಕಸ ಗುಡಿಸುವವರು, ಮೆಕ್ಯಾನಿಕ್‌ಗಳು, ಕಾವಲುಗಾರರು, ವೇಷಧಾರಿಗಳು. ಪ್ರತಿಯೊಂದು ಹೊಸ ಯಂತ್ರದೊಡನೆ ಅದನ್ನು ನೋಡಿಕೊಳ್ಳುವವರ ಸಂಬಳವನ್ನೂ ಲೆಕ್ಕ ಹಾಕಬೇಕು. ಪ್ರತಿಯೊಬ್ಬರಿಗೂ ಇಂತಿಷ್ಟು ಜಾಗ ಎಂದು ಗಡಿ ಗುರುತಿಸಿ. ಗುಡಿಸುವವರಿಗೆ ಹುಲ್ಲು ಕತ್ತರಿಸುವ ಕೆಲಸವನ್ನು ತಪ್ಪಿಸಿದರೆ ದಾರಿಗಳು ಸ್ವಚ್ಛವಾಗಿರುತ್ತವೆ. ಯಂತ್ರ ಹಳೆಯದಾದಂತೆ ಕೆಡುವುದು ಹೆಚ್ಚುತ್ತದೆ. ಮೆಕ್ಯಾನಿಕ್ ಬರುವುದು ತಡವಾಗಿ, ಬ್ರೇಕು ಕೈಕೊಟ್ಟರೆ ಬಂಡಿಗಳು ಡಿಕ್ಕಿ ಹೊಡೆದು ಜೀವಹಾನಿಯಾಗುತ್ತದೆ. ತೆರೆಯ ಮೇಲಿನ ಜೀವವೇ ಆದರೂ ಹುಡುಗ ಅಂದು ಊಟ ಸರಿಯಾಗಿ ಮಾಡಲಿಲ್ಲ. ತಪಾಸಣೆಯ ಅವಧಿಯನ್ನು ಅಂದಿನಿಂದಲೇ ಕಡಿಮೆ ಮಾಡಿದ.

ಸಾಲ, ಬೆಲೆ, ನ್ಯಾಯ

ಕಲಿಯಲು ಮೊದಲ ಹಂತವಾದ 'ಫಾರೆಸ್ಟ್ ಫ್ರಾಂಟಿಯರ್ಸ್' ಒಳ್ಳೆಯದು. ಮೊದಲ ವರ್ಷದ ಅಕ್ಟೋಬರ್ ಅಂತ್ಯಕ್ಕೆ ಉದ್ಯಾನದಲ್ಲಿ 250 ಜನರಿರಬೇಕು, ಉದ್ಯಾನದ ಅಂಕ 600ಕ್ಕಿಂತ ಕೆಳಗೆ ಇಳಿಯಬಾರದು. ಆಟದ ವರ್ಷ ಮಾರ್ಚಿನಿಂದ ಅಕ್ಟೋಬರಿನವರೆಗೆ ಎಂಟೇ ತಿಂಗಳು. ಎರಡು ಮೂರು ಸಣ್ಣ ಆಟ, ಒಂದು ಸಾಧಾರಣ ರೋಲರ್ ಕೋಸ್ಟರ್, ಅಗತ್ಯದ ಅಂಗಡಿಗಳು, ಇಷ್ಟರಿಂದ ಗುರಿ ಮುಟ್ಟಬಹುದು. ಆದಾಯ ಬಂದಂತೆ ಸಾಲವನ್ನು ಸ್ವಲ್ಪ ಸ್ವಲ್ಪವಾಗಿ ತೀರಿಸಿದರೆ ಬಡ್ಡಿ ಇಳಿಯುತ್ತದೆ.

ಇಲ್ಲೊಂದು ಸಂಗತಿ ನಮ್ಮನ್ನು ಯೋಚನೆಗೆ ಹಚ್ಚಿತು. ಮಳೆ ಸುರಿಯುವಾಗ ಛತ್ರಿಯ ಬೆಲೆಯನ್ನು ಎಷ್ಟು ಏರಿಸಿದರೂ ಜನ ಕೊಳ್ಳುತ್ತಾರೆ; ಆಟ ಅದನ್ನು ತಡೆಯುವುದಿಲ್ಲ. ಹುಡುಗ ಹಿಗ್ಗಿನಿಂದ ತೋರಿಸಿದ. "ಜಾತ್ರ್ಯಾಗ ನಮಗ ನೀರು ಹಿಂಗ ಮಾರಿದ್ರ?" ಎಂದು ಅಜ್ಜಿ ಕೇಳಿದರು. ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು ಬೆಲೆಯನ್ನು ಇಳಿಸಿದ. ಗಳಿಕೆ ಕಡಿಮೆಯಾಯಿತು, ಗುರಿಯೇನೂ ತಪ್ಪಲಿಲ್ಲ.

ತಾಯಿತಂದೆಯರಿಗೆ ಎರಡು ಮಾತು. ಇದೇ ಹೆಸರಿನ ಆಟಗಳು ಹಲವಿವೆ. 2017ರಲ್ಲಿ ಬಂದ 'ಟಚ್' ಎಂಬುದು ಪುಕ್ಕಟೆಯಾಗಿ ಸಿಕ್ಕರೂ ಆಡುತ್ತ ಹೋದಂತೆ ಹಣ ಕೊಟ್ಟು ಕೊಳ್ಳುವ ಆಮಿಷಗಳನ್ನು ಒಡ್ಡುತ್ತದೆ. 'ಕ್ಲಾಸಿಕ್' ಮೊದಲೇ ಹಣ ತೆತ್ತು ಪಡೆಯುವಂಥದು. ಹೆಚ್ಚುವರಿ ಭಾಗಗಳು ಬೇಕೆನಿಸಿದರೆ ಮಾತ್ರ ಬೇರೆ ಬೆಲೆ. ಮೊಬೈಲಿಗೆ ಬ್ಯಾಂಕಿನ ಖಾತೆ ಜೋಡಿಸಿದ್ದರೆ ಗುಪ್ತಸಂಖ್ಯೆ ಮಕ್ಕಳ ಕೈಗೆ ಹೋಗದಿರಲಿ. ಹೊತ್ತಿನ ಮಿತಿಯನ್ನು ಮೊದಲೇ ಹೇಳಿ, ನಡುವೆ ಕಸಿದುಕೊಳ್ಳಬೇಡಿ. ಮಿಕ್ಕ ಹೊತ್ತಿಗೆ ಚೌಕುಳಿ ಹಾಳೆ, ಸೀಸದಕಡ್ಡಿ ಕೊಟ್ಟು ಉದ್ಯಾನದ ನಕ್ಷೆ ಬರೆಸಿರಿ.

ನಮ್ಮ ಹುಡುಗ ಆ ಹಾಳೆಯ ಮೇಲೆ ಬರೆದದ್ದು ನಮ್ಮೂರ ಜಾತ್ರೆಯ ಬಯಲನ್ನು. ತೇರು ಸಾಗುವ ದಾರಿ, ಅಂಗಡಿ ಸಾಲು, ಬೇವಿನ ಮರ, ಎಲ್ಲವನ್ನೂ ಗುರುತಿಸಿ, ಎರಡು ಕಡೆ ಅರವಟಿಗೆ ಬೇಕೆಂದು ಚುಕ್ಕೆಯಿಟ್ಟ. ಊರ ಹಿರಿಯರಿಗೆ ತೋರಿಸಿದೆವು. ಒಂದು ಜಾಗ ತೇರಿಗೆ ಅಡ್ಡಿಯೆಂದು ಅವರು ಒಪ್ಪಲಿಲ್ಲ. ಅವರ ಮಾತು ಸರಿಯಾಗಿಯೇ ಇತ್ತು. ಇನ್ನೊಂದು ಜಾಗಕ್ಕೆ ಒಪ್ಪಿದರು. ಈ ಸಲದ ಜಾತ್ರೆಯಲ್ಲಿ ಬೇವಿನ ಮರದ ಕೆಳಗೆ ನಾಲ್ಕು ಹರವಿಗಳಲ್ಲಿ ತಣ್ಣೀರು, ಶಹಾಬಾದ ಕಲ್ಲಿನ ಎರಡು ಹಾಸುಗಳ ಮೇಲೆ ಕೂರಲು ಸ್ಥಳ. ಹೋಗಿ ಬರುವವರಿಗೆ ಹುಡುಗನೇ ನೀರು ಹಾಕಿಕೊಟ್ಟ. ಮೊದಲು ಕುಳಿತವರು ಅವನ ಅಜ್ಜಿ.

ನಿಮ್ಮ ಮನೆಯ ಮಕ್ಕಳೂ ಇಂಥ ಆಟ ಆಡುತ್ತಿರಬಹುದು. ಇಂದು ಸಂಜೆ ಹತ್ತು ನಿಮಿಷ ಅವರ ಮಗ್ಗುಲಲ್ಲಿ ಕುಳಿತು, "ನಾನು ಬಂದರೆ ಎಲ್ಲಿ ಕೂರಲಿ?" ಎಂದು ಕೇಳಿ ನೋಡಿರಿ.