ಎಣ್ಣೆ ತಿಕ್ಕುವಾಗ ಮುರಿದ ಎಲುಬು

ಪುತ್ತೂರಿನ ದರ್ಬೆಯ ಆಸುಪಾಸಿನಲ್ಲಿ ಹಸುಗೂಸನ್ನು ಮೀಯಿಸಲು ಕೈಪಳಗಿದ ಹೆಂಗಸರನ್ನು ಕರೆಸುವ ರೂಢಿಯಿದೆ. ತೆಂಗಿನೆಣ್ಣೆ ತಿಕ್ಕಿ, ಕೈಕಾಲು ನೀವಿ, ಬಿಸಿನೀರು ಹೊಯ್ಯುತ್ತಾರೆ. ಮಕ್ಕಳಿಗೆ ಹಿತವಾದ ಇದೇ ನೀವುವಿಕೆಯಲ್ಲಿ ಎಲ್ಲೋ ಒಂದು ಮಗುವಿನ ತೊಡೆಯೆಲುಬು ಮುರಿಯಬಹುದು. ಆಗ ದೂರು ಮೀಯಿಸಿದವರ ಮೇಲೆ, ಇಲ್ಲವೇ ತಾಯಿಯ ಮೇಲೆ. ತಪ್ಪು ಅವರ ಕೈಯದಲ್ಲದೆ ಎಲುಬಿನದೇ ಇರಬಹುದು.

ಎಲುಬು ಹೀಗೆ ಸುಲಭವಾಗಿ ಮುರಿಯುವಂತೆ ಮಾಡುವ ಆಸ್ಟಿಯೋಜೆನೆಸಿಸ್ ಇಂಪರ್ಫೆಕ್ಟಾ ಎಂಬ ಆನುವಂಶಿಕ ಕಾಯಿಲೆ ಸುಮಾರು 15,000ದಿಂದ 20,000 ಮಕ್ಕಳಲ್ಲಿ ಒಬ್ಬರಿಗೆ ಬರುತ್ತದೆ. ಎಲುಬೆಂದರೆ ಬರೀ ಸುಣ್ಣವಲ್ಲ. ಒಳಗೆ ಮೂರೆಳೆ ಹೊಸೆದ ಹುರಿಹಗ್ಗದಂತೆ ಕೊಲಾಜೆನ್ ಎಂಬ ಪ್ರೋಟೀನಿನ ನಾರಿದೆ. 17 ಮತ್ತು 7ನೇ ವರ್ಣತಂತುಗಳ ಎರಡು ಜೀನ್‌ಗಳು ಅದನ್ನು ಹೊಸೆಯಿಸುತ್ತವೆ. ಅಲ್ಲಿ ಒಂದಕ್ಷರ ತಪ್ಪಿದರೂ ಹುರಿ ಕೆಡಬಹುದು. ರಕ್ತದಲ್ಲಿ ಕ್ಯಾಲ್ಸಿಯಂ ಸಾಮಾನ್ಯವಾಗಿ ಸರಿಯಾಗಿಯೇ ಇರುತ್ತದೆ. ಹಾಗಾಗಿ ಕ್ಯಾಲ್ಸಿಯಂ ಗುಳಿಗೆಯೊಂದರಿಂದಲೇ ಇದು ಗುಣವಾಗದು.

ಗುರುತು ಹಿಡಿಯಲು ಮೊದಲು ಮಗುವನ್ನು ಹಗಲಬೆಳಕಿನಲ್ಲಿ ನೋಡಬೇಕು. ಕಣ್ಣಿನ ಬಿಳಿಭಾಗ ನೀಲಿಯೇ? ಅಲ್ಲಿನ ಪದರ ತೆಳುವಾದಾಗ ಒಳಗಿನ ಬಣ್ಣ ಹೊರಗೆ ಕಾಣುತ್ತದೆ. ಆದರೆ ಆರೋಗ್ಯವಂತ ಎಳೆಗೂಸುಗಳ ಕಣ್ಣೂ ಕೆಲವು ತಿಂಗಳು ತುಸು ನೀಲಿಯಿರಬಹುದು. ಕಾಯಿಲೆಯಿದ್ದೂ ಕಣ್ಣು ಬೆಳ್ಳಗಿರುವ ಮಕ್ಕಳೂ ಇದ್ದಾರೆ. ಹಲ್ಲು ಕಂದಿ ಬೇಗ ಚೂರಾಗುತ್ತಿದೆಯೇ? ಕೀಲುಗಳು ಅತಿಯಾಗಿ ಬಾಗುತ್ತವೆಯೇ? ಮೂವತ್ತಕ್ಕೇ ಕಿವಿ ಮಂದವಾದ ಮಾವ, ಪದೇಪದೇ ಕೈ ಮುರಿದುಕೊಂಡ ದೊಡ್ಡಮ್ಮ ಇದ್ದಾರೆಯೇ? ಈ ಕೊನೆಯ ಪ್ರಶ್ನೆಯೇ ಎಲ್ಲಕ್ಕಿಂತ ತೂಕದ್ದೆಂದು ನನಗನ್ನಿಸುತ್ತದೆ. ಮದುವೆಯ ಮಾತು ಕೆಟ್ಟೀತೆಂಬ ಹೆದರಿಕೆಯಿಂದ ಮನೆಗಳಲ್ಲಿ ಮುಚ್ಚಿಡುವುದೂ ಇದನ್ನೇ.

ತಂದೆ ಅಥವಾ ತಾಯಿಗೆ ಕಾಯಿಲೆಯಿದ್ದರೆ ಸಾಮಾನ್ಯವಾಗಿ ಪ್ರತಿ ಮಗುವಿಗೂ ಬರುವ ಸಾಧ್ಯತೆ ಶೇಕಡಾ 50. ಇಬ್ಬರಿಗೂ ಇಲ್ಲದೆ ಮಗುವಿನಲ್ಲೇ ಹೊಸದಾಗಿ ಕಾಣಿಸಿಕೊಳ್ಳುವುದೂ ಉಂಟು. ಸೋದರಸಂಬಂಧದ ಮದುವೆಗಳಲ್ಲಿ ಬೇರೆ ಜೀನ್‌ಗಳಿಂದ ಬರುವ ಅಪರೂಪದ ಬಗೆಗಳ ಸಾಧ್ಯತೆ ಹೆಚ್ಚು.

ಎಕ್ಸ್‌ರೇಯಲ್ಲಿ ಬಾಗಿದ ಎಲುಬು, ಗೊತ್ತೇ ಆಗದೆ ಕೂಡಿಕೊಂಡ ಹಳೆಯ ಮುರಿತಗಳು, ತಲೆಬುರುಡೆಯ ಸಂದುಗಳಲ್ಲಿ ಹೆಚ್ಚುವರಿ ಚಿಕ್ಕ ಎಲುಬುಗಳು ಕಾಣಬಹುದು. ರಕ್ತದ ಜೀನ್ ಪರೀಕ್ಷೆ ಕಾಯಿಲೆಯನ್ನು ಖಚಿತಪಡಿಸುತ್ತದೆ. ಮಣಿಪಾಲದ ಕಸ್ತೂರ್ಬಾ ವೈದ್ಯಕೀಯ ಕಾಲೇಜಿನಲ್ಲಿ ಆನುವಂಶಿಕ ಕಾಯಿಲೆಗಳ ವಿಭಾಗವಿದೆ. ಪೂರ್ತಿ ಗುಣಪಡಿಸುವ ಮದ್ದಿಲ್ಲ. ಆದರೆ ಬಿಸ್ಫಾಸ್ಫೊನೇಟ್ ಔಷಧಿ ಎಲುಬಿನ ಸಾಂದ್ರತೆ ಹೆಚ್ಚಿಸುತ್ತದೆ, ವ್ಯಾಯಾಮ ಸ್ನಾಯುಗಳಿಗೆ ಬಲ ಕೊಡುತ್ತದೆ. 2021ರ ರಾಷ್ಟ್ರೀಯ ಅಪರೂಪದ ಕಾಯಿಲೆಗಳ ನೀತಿಯ ಪಟ್ಟಿಯಲ್ಲೂ ಇದು ಸೇರಿದೆ. ಈ ಕಾಯಿಲೆಯೊಂದಿಗೇ ಬೆಳೆದ ಬೆಂಗಳೂರಿನ ಧನ್ಯಾ ರವಿ ಗಾಲಿಕುರ್ಚಿಯಲ್ಲಿ ಕುಳಿತೇ ಜನರಲ್ಲಿ ಅರಿವು ಮೂಡಿಸುತ್ತಿದ್ದಾರೆ.

ಸಣ್ಣ ಪೆಟ್ಟಿಗೇ ಮಗುವಿನ ಎಲುಬು ಮುರಿದರೆ ನಾಟಿಕಟ್ಟು ಕಟ್ಟಿಸಿ ಸುಮ್ಮನಾಗಬೇಡಿ. ಹಳೆಯ ಎಕ್ಸ್‌ರೇಗಳನ್ನು ಎಸೆಯದೆ ಎಲ್ಲವನ್ನೂ ಒಟ್ಟಿಗೆ ಕೊಂಡೊಯ್ದು ವೈದ್ಯರಿಗೆ ತೋರಿಸಿ.